ಬಿಪಿಗೆ ಒಂದು ಅಗುಳು ಸಾಲದು: ಮನೆಯಲ್ಲಿ ನೋಡಿದ ರೀಡಿಂಗನ್ನು ಡಾಕ್ಟರಿಗೆ ತಲುಪಿಸುವುದು ಹೇಗೆ

ನಮ್ಮ ಅಪ್ಪ ತಿಪಟೂರಿನಲ್ಲಿದ್ದಾರೆ. ನಿವೃತ್ತ ಮೇಷ್ಟ್ರು, 68 ವರ್ಷ. ಅವರ ಹತ್ತಿರ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಸ್ಕೇಲ್ ಇಟ್ಟು ಗೆರೆ ಎಳೆದು, ಮೂರು ತಿಂಗಳ ಬಿಪಿಯನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದಿಟ್ಟಿದ್ದಾರೆ. ಒಂದು ದಿನವೂ ತಪ್ಪಿಲ್ಲ. ಕಳೆದ ಸಲ ಊರಿಗೆ ಹೋದಾಗ ನಾನೇ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರ್ ನೋಟ್‌ಬುಕ್ಕಿನ ಎರಡು ಪುಟ ತಿರುಗಿಸಿದರು. ಆಮೇಲೆ ಕೇಳಿದರು: "ಮೇಷ್ಟ್ರೇ, ಇದನ್ನ ಮಾತ್ರೆ ತಗೊಳ್ಳೋಕೆ ಮುಂಚೆ ನೋಡಿದ್ದಾ, ಆಮೇಲಾ?"

ಅಪ್ಪ ಸುಮ್ಮನಾದರು. ಕೆಲವು ದಿನ ಎದ್ದ ತಕ್ಷಣ, ಕೆಲವು ದಿನ ಕಾಫಿ ಕುಡಿದು ಪೇಪರ್ ಓದಿದ ಮೇಲೆ, ಇನ್ನು ಕೆಲವು ದಿನ ತಿಂಡಿ ತಿಂದು ಮಾತ್ರೆ ನುಂಗಿದ ಮೇಲೆ ನೋಡಿದ್ದರು. ಯಾವುದು ಯಾವಾಗಿನದು ಅಂತ ಎಲ್ಲೂ ಬರೆದಿರಲಿಲ್ಲ. ತೊಂಬತ್ತಕ್ಕೂ ಜಾಸ್ತಿ ರೀಡಿಂಗ್ ಇತ್ತು, ಅದನ್ನು ನೋಡಿ ಮಾತ್ರೆ ಬದಲಿಸಬೇಕೋ ಬೇಡವೋ ಅಂತ ಹೇಳುವುದಕ್ಕೆ ಡಾಕ್ಟರಿಗೆ ಆಗಲಿಲ್ಲ. ಅವರು ಬೈಯಲಿಲ್ಲ. ಇನ್ನೊಂದು ವಾರ ಹೇಗೆ ನೋಡಬೇಕು ಅಂತ ಚೀಟಿಯ ಹಿಂದೆ ಬರೆದುಕೊಟ್ಟರು, ಅಷ್ಟೇ.

ಅಪ್ಪನ ಆ ಮುಖ ನೋಡಿ ನನಗೆ ಬೇಜಾರಾಯಿತು. ಅಷ್ಟು ಶ್ರದ್ಧೆಯಿಂದ ಮಾಡಿದ ಕೆಲಸ ಅದು. ಈಗ ಮನೆಮನೆಯಲ್ಲೂ ಬಿಪಿ ಮಷಿನ್ ಇದೆ. ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಮಕ್ಕಳು ಆನ್‌ಲೈನಿನಲ್ಲಿ ಆರ್ಡರ್ ಮಾಡಿ ಊರಿಗೆ ಕಳಿಸುತ್ತೇವೆ, ಆದರೆ ಅದನ್ನು ಬಳಸುವುದು ಹೇಗೆ, ಬಂದ ನಂಬರನ್ನು ಏನು ಮಾಡುವುದು ಅಂತ ಯಾರೂ ಕೂತು ಹೇಳಿಕೊಡುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ಸುಮಾರು 24% ಮಂದಿಗೆ, ಹೆಂಗಸರಲ್ಲಿ ಸುಮಾರು 21% ಮಂದಿಗೆ ಬಿಪಿ ಜಾಸ್ತಿ ಇದೆ ಅಥವಾ ಅವರು ಅದಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಅಂದರೆ ಇದು ನಿಮ್ಮ ಮನೆಯ ಮಾತೂ ಆಗಿರಬಹುದು. ಅದಕ್ಕೇ ಮೊದಲಿಂದ ಹೇಳುತ್ತೇನೆ.

ಎರಡು ನಂಬರ್ ಯಾಕೆ?

ತೋಟಕ್ಕೆ ನೀರು ಹಾಯಿಸುವ ಪೈಪ್ ನೆನಪಿಸಿಕೊಳ್ಳಿ. ಮೋಟಾರ್ ನೀರನ್ನು ತಳ್ಳಿದಾಗ ಪೈಪಿನ ಗೋಡೆಯ ಮೇಲೆ ಒತ್ತಡ ಬೀಳುತ್ತದೆ. ನಮ್ಮ ದೇಹದಲ್ಲಿ ಹೃದಯವೇ ಮೋಟಾರ್, ರಕ್ತನಾಳವೇ ಪೈಪ್. ಆದರೆ ಹೃದಯ ಒಂದೇ ಸಮನೆ ತಳ್ಳುವುದಿಲ್ಲ. ಒಮ್ಮೆ ಹಿಂಡುತ್ತದೆ, ಒಮ್ಮೆ ಸಡಿಲವಾಗುತ್ತದೆ. ಹಿಂಡಿದಾಗ ನಾಳದಲ್ಲಿ ಏರುವ ಒತ್ತಡ ಮೇಲಿನ ನಂಬರ್. ಸಡಿಲವಾದಾಗ ಉಳಿದಿರುವ ಒತ್ತಡ ಕೆಳಗಿನ ನಂಬರ್. 130/80 ಅಂದರೆ ಅಷ್ಟೇ. ಹಳೆಯ ಕಾಲದ ಮಷಿನ್ನಿನಲ್ಲಿ ಪಾದರಸ ಎಷ್ಟು ಮಿಲಿಮೀಟರ್ ಮೇಲೇರಿತು ಅಂತ ಅಳೆಯುತ್ತಿದ್ದರು. ಇವತ್ತು ಪಾದರಸ ಹೋಗಿದೆ, ಆ ಅಳತೆ ಮಾತ್ರ ಉಳಿದಿದೆ.

ಇನ್ನೊಂದು ವಿಷಯ. ಮಷಿನ್ ತೋರಿಸುವ ಮೂರನೇ ನಂಬರ್ ಬಿಪಿ ಅಲ್ಲ. ಅದು ನಾಡಿ, ಅಂದರೆ ನಿಮಿಷಕ್ಕೆ ಹೃದಯ ಎಷ್ಟು ಸಲ ಬಡಿಯುತ್ತದೆ ಅನ್ನುವುದು. ಅದನ್ನೂ ಬರೆದಿಡಿ. ಬಿಪಿಗೆ ಕೊಡುವ ಕೆಲವು ಮಾತ್ರೆಗಳು ನಾಡಿಯನ್ನು ನಿಧಾನ ಮಾಡುತ್ತವೆ, ಹಾಗಾಗಿ ಡಾಕ್ಟರಿಗೆ ಅದೂ ಬೇಕಾಗುತ್ತದೆ.

ಮಷಿನ್ ಒಳಗೆ ಏನಾಗುತ್ತದೆ?

ಹಳೆಯ ಪದ್ಧತಿಯಲ್ಲಿ ಡಾಕ್ಟರ್ ತೋಳಿಗೆ ಪಟ್ಟಿ ಕಟ್ಟಿ, ಗಾಳಿ ತುಂಬಿ ರಕ್ತದ ಹರಿವನ್ನು ಒಂದು ಕ್ಷಣ ನಿಲ್ಲಿಸುತ್ತಿದ್ದರು. ಆಮೇಲೆ ಗಾಳಿಯನ್ನು ಮೆಲ್ಲಗೆ ಬಿಡುತ್ತಾ ಸ್ಟೆತಾಸ್ಕೋಪಿನಲ್ಲಿ ಕಿವಿಗೊಟ್ಟು ಕೇಳುತ್ತಿದ್ದರು. ಟಪ್ ಟಪ್ ಶಬ್ದ ಶುರುವಾದ ಜಾಗ ಮೇಲಿನ ನಂಬರ್, ನಿಂತ ಜಾಗ ಕೆಳಗಿನದು. ರಷ್ಯಾದ ಡಾಕ್ಟರ್ ನಿಕೊಲಾಯ್ ಕೊರೊಟ್ಕಾಫ್ 1905ರಲ್ಲಿ ಈ ಶಬ್ದಗಳನ್ನು ಗುರುತಿಸಿ ಹೇಳಿದರು, ಇವತ್ತಿಗೂ ಅವಕ್ಕೆ ಅವರದೇ ಹೆಸರು.

ಮನೆಯ ಡಿಜಿಟಲ್ ಮಷಿನ್ ಸಾಮಾನ್ಯವಾಗಿ ಶಬ್ದ ಕೇಳುವುದಿಲ್ಲ. ಗಾಳಿ ಏರುವಾಗ ಅಥವಾ ಇಳಿಯುವಾಗ ಪಟ್ಟಿಯೊಳಗೆ ಆಗುವ ಸಣ್ಣ ಸಣ್ಣ ಕಂಪನವನ್ನು ಹಿಡಿಯುತ್ತದೆ, ಆ ಕಂಪನ ಎಲ್ಲಿ ಜೋರಾಯಿತು ಎಲ್ಲಿ ಕಡಿಮೆಯಾಯಿತು ಅನ್ನುವುದರಿಂದ ಎರಡು ನಂಬರನ್ನು ಲೆಕ್ಕ ಹಾಕಿ ತೋರಿಸುತ್ತದೆ. ಲೆಕ್ಕ ಹಾಕಿ, ಅನ್ನುವುದು ಇಲ್ಲಿ ಮುಖ್ಯ. ಕೈ ಅಲುಗಾಡಿದರೆ, ಮಾತಾಡಿದರೆ ಅಥವಾ ಹೃದಯದ ಬಡಿತವೇ ಏರುಪೇರಾಗಿದ್ದರೆ ಆ ಲೆಕ್ಕ ತಪ್ಪಬಹುದು. ಬಡಿತ ಏರುಪೇರು ಇದೆ ಅಂತ ಮೊದಲೇ ಗೊತ್ತಿರುವವರು ಒಂದೇ ರೀಡಿಂಗ್ ನಂಬದೆ ಎರಡು ಮೂರು ಸಲ ನೋಡಬೇಕು. ಮಷಿನ್ ಪದೇ ಪದೇ ಏರುಪೇರಿನ ಗುರುತು ತೋರಿಸಿದರೆ ಅದನ್ನು ಡಾಕ್ಟರಿಗೆ ಹೇಳಬೇಕು.

ಆಸ್ಪತ್ರೆಯಲ್ಲಿ ಒಂದು, ಮನೆಯಲ್ಲಿ ಇನ್ನೊಂದು

ಬಹಳ ಜನ ಗೊಂದಲಕ್ಕೆ ಬೀಳುವುದು ಇಲ್ಲಿ. "ಡಾಕ್ಟರ್ ನೋಡಿದಾಗ 156 ಇತ್ತು, ಮನೆಗೆ ಬಂದು ನೋಡಿದರೆ 128. ಮಷಿನ್ ಸರಿ ಇಲ್ಲ" ಅನ್ನುತ್ತಾರೆ. ಇಲ್ಲ, ಎರಡೂ ಸರಿ ಇರಬಹುದು.

ಬಸ್ಸಿನಲ್ಲಿ ನಿಂತು ಬಂದು, ಟೋಕನ್ ತೆಗೆದುಕೊಂಡು, ಒಂದು ಗಂಟೆ ಕಾದು, ಒಳಗೆ ಹೋದ ತಕ್ಷಣ ಕೈ ಚಾಚಿದರೆ ಬಿಪಿ ಏರಿರುವುದು ಸಹಜ ಅಲ್ವಾ? ಜೊತೆಗೆ ಡಾಕ್ಟರ್ ಏನು ಹೇಳುತ್ತಾರೋ ಅನ್ನುವ ಅಳುಕು ಬೇರೆ. ಆಸ್ಪತ್ರೆಯಲ್ಲಿ ಮಾತ್ರ ಏರಿ ಮನೆಯಲ್ಲಿ ಸರಿಯಾಗಿರುವ ಈ ಬಿಪಿಗೆ ಡಾಕ್ಟರುಗಳು ಬಿಳಿ ಕೋಟಿನ ಬಿಪಿ ಅನ್ನುತ್ತಾರೆ. ಇದರ ತಿರುಗುಮುರುಗೂ ಇದೆ. ಆಸ್ಪತ್ರೆಯಲ್ಲಿ ಸರಿಯಾಗಿರುತ್ತದೆ, ಮನೆಯಲ್ಲೋ ಕೆಲಸದ ಜಾಗದಲ್ಲೋ ಜಾಸ್ತಿ ಇರುತ್ತದೆ. ಇದಕ್ಕೆ ಮರೆಯಾದ ಬಿಪಿ ಅನ್ನಬಹುದು. ಇದು ಹೆಚ್ಚು ಅಪಾಯದ್ದು, ಯಾಕೆಂದರೆ ಡಾಕ್ಟರಿಗೆ ಅದು ಕಾಣುವುದೇ ಇಲ್ಲ. ಅದನ್ನು ಹಿಡಿಯಬೇಕಾದರೆ ಆಸ್ಪತ್ರೆಯ ಹೊರಗೆ ಅಳೆಯಲೇಬೇಕು.

ಜಪಾನಿನ ಒಹಸಾಮ ಅನ್ನುವ ಊರಿನಲ್ಲಿ 1980ರ ದಶಕದಲ್ಲಿ ಜನರಿಗೆ ಮನೆಯಲ್ಲೇ ಬಿಪಿ ನೋಡಿಕೊಳ್ಳಲು ಮಷಿನ್ ಕೊಟ್ಟು, ಆಮೇಲೆ ವರ್ಷಗಟ್ಟಲೆ ಅವರ ಆರೋಗ್ಯವನ್ನು ಗಮನಿಸಿದರು. ಮುಂದೆ ಯಾರಿಗೆ ಅಪಾಯ ಬರಬಹುದು ಅನ್ನುವುದನ್ನು ಆಸ್ಪತ್ರೆಯ ಒಂದು ರೀಡಿಂಗಿಗಿಂತ ಮನೆಯ ರೀಡಿಂಗುಗಳೇ ಚೆನ್ನಾಗಿ ಹೇಳಿದವು. ಇವತ್ತು ಡಾಕ್ಟರುಗಳು ಮನೆಯ ನಂಬರಿಗೆ ಬೆಲೆ ಕೊಡುವುದಕ್ಕೆ ಇಂಥ ಅಧ್ಯಯನಗಳು ಕಾರಣ.

ಮನೆಯಲ್ಲಿ ಬಿಪಿ ಸ್ವಲ್ಪ ಕಡಿಮೆಯೇ ಬರುವುದರಿಂದ ಅದಕ್ಕೆ ಗೆರೆಯೂ ಬೇರೆ. ಆಸ್ಪತ್ರೆಯಲ್ಲಿ 140/90 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಹೆಚ್ಚು ಅನ್ನುವ ಕಡೆ, ಮನೆಯ ಸರಾಸರಿ 135/85 ಮುಟ್ಟಿದರೇ ಹೆಚ್ಚು ಅನ್ನುತ್ತಾರೆ. ಅಮೆರಿಕದಲ್ಲಿ 2017ರಿಂದ ಈ ಗೆರೆಯನ್ನು 130/80ಕ್ಕೆ ಇಳಿಸಿದ್ದಾರೆ. ನಿಮಗೆ ಎಷ್ಟಿರಬೇಕು ಅನ್ನುವುದು ವಯಸ್ಸು, ಶುಗರ್, ಕಿಡ್ನಿ, ಹೃದಯ ಎಲ್ಲವನ್ನೂ ನೋಡಿ ಡಾಕ್ಟರ್ ಹೇಳಬೇಕಾದ ಮಾತು. ಆ ಗುರಿಯ ನಂಬರನ್ನು ಕೇಳಿ ಬರೆಸಿಕೊಳ್ಳಿ. ವರ್ಷಗಟ್ಟಲೆ ಮಾತ್ರೆ ತಿನ್ನುತ್ತಿರುವವರನ್ನು ಕೇಳಿ ನೋಡಿದ್ದೇನೆ, ತಮ್ಮ ಬಿಪಿ ಎಷ್ಟಕ್ಕೆ ಇಳಿಯಬೇಕು ಅಂತ ಬಹಳ ಜನರಿಗೆ ಗೊತ್ತಿಲ್ಲ.

ಡಾಕ್ಟರಿಗೆ ಬೇಕಾಗಿರುವ ಏಳು ದಿನ

ಅನ್ನ ಬೆಂದಿದೆಯಾ ಅಂತ ನೋಡುವುದಕ್ಕೆ ಒಂದು ಅಗುಳು ಹಿಸುಕಿದರೆ ಸಾಕು. ಬಿಪಿ ಹಾಗಲ್ಲ. ನಿದ್ದೆಯಲ್ಲಿ ಇಳಿಯುತ್ತದೆ, ಎದ್ದಾಗ ಏರುತ್ತದೆ, ಮೆಟ್ಟಿಲು ಹತ್ತಿದರೆ ಏರುತ್ತದೆ, ಮೊಮ್ಮಗ ಬಿದ್ದು ಅತ್ತರೂ ಏರುತ್ತದೆ. ಕ್ಷಣಕ್ಕೊಂದು ನಂಬರ್. ನಮ್ಮ ತಿಪಟೂರಿನ ಮಾರುಕಟ್ಟೆಯಲ್ಲಿ ಒಂದೇ ಒಂದು ಉಂಡೆ ಕೊಬ್ಬರಿ ಒಡೆದು ನೋಡಿ ಇಡೀ ರಾಶಿಗೆ ಬೆಲೆ ಕಟ್ಟುವುದಿಲ್ಲ. ಅಲ್ಲೊಂದು ಇಲ್ಲೊಂದು ತೆಗೆದು ನೋಡುತ್ತಾರೆ. ಬಿಪಿಗೂ ಅದೇ ಲೆಕ್ಕ.

ಹೈಪರ್‌ಟೆನ್ಶನ್, ಅಂದರೆ ಹೆಚ್ಚಿನ ಬಿಪಿಯ ತಜ್ಞರು ಸಾಮಾನ್ಯವಾಗಿ ಹೇಳುವ ಕ್ರಮ ಇದು. ಡಾಕ್ಟರನ್ನು ನೋಡುವ ಮುಂಚಿನ ಏಳು ದಿನ, ಬೆಳಗ್ಗೆ ಎರಡು ಸಲ, ಸಂಜೆ ಎರಡು ಸಲ ನೋಡಬೇಕು. ಎರಡರ ನಡುವೆ ಒಂದು ನಿಮಿಷ ಬಿಡಬೇಕು. ಬೆಳಗ್ಗೆ ನೋಡುವುದು ಎದ್ದು, ಮೂತ್ರಕ್ಕೆ ಹೋಗಿ ಬಂದು, ಕಾಫಿ ತಿಂಡಿ ಮಾತ್ರೆ ಎಲ್ಲದಕ್ಕೂ ಮುಂಚೆ. ಸಂಜೆಯದ್ದು ರಾತ್ರಿಯ ಮಾತ್ರೆಗೆ ಮುಂಚೆ, ದಿನಾ ಹೆಚ್ಚೂ ಕಡಿಮೆ ಒಂದೇ ಹೊತ್ತಿಗೆ. ಮೊದಲ ದಿನದ ನಾಲ್ಕು ರೀಡಿಂಗ್ ಬಿಟ್ಟುಬಿಡಬೇಕು, ಆ ದಿನ ಮನಸ್ಸು ಇನ್ನೂ ಮಷಿನ್ನಿಗೆ ಹೊಂದಿಕೊಂಡಿರುವುದಿಲ್ಲ. ಉಳಿದ ಆರು ದಿನದ 24 ರೀಡಿಂಗುಗಳ ಸರಾಸರಿ ತೆಗೆಯಬೇಕು. ಮೇಲಿನ ನಂಬರುಗಳನ್ನೆಲ್ಲ ಕೂಡಿ 24ರಿಂದ ಭಾಗಿಸಿ, ಕೆಳಗಿನವನ್ನೂ ಹಾಗೇ. ಏಳು ದಿನ ಆಗಲೇ ಇಲ್ಲ ಅಂದರೆ ಕೊನೇ ಪಕ್ಷ ಮೂರು ದಿನ ಇರಬೇಕು.

ಮಾತ್ರೆಗೆ ಮುಂಚೆಯೇ ಯಾಕೆ? ದಿನಕ್ಕೊಂದು ಮಾತ್ರೆ ತೆಗೆದುಕೊಳ್ಳುವವರಲ್ಲಿ ನಿನ್ನೆ ಬೆಳಗ್ಗೆ ನುಂಗಿದ ಮಾತ್ರೆಯ ಶಕ್ತಿ ಇವತ್ತು ಬೆಳಗ್ಗೆವರೆಗೂ ಉಳಿದಿದೆಯೋ ಇಲ್ಲವೋ ಅಂತ ತಿಳಿಯುವುದು ಆ ಹೊತ್ತಿನಲ್ಲೇ. ಮಾತ್ರೆ ನುಂಗಿ ಎರಡು ಗಂಟೆ ಬಿಟ್ಟು ನೋಡಿದರೆ ನಂಬರ್ ಚೆನ್ನಾಗಿ ಕಾಣಬಹುದು, ಬೆಳಗಿನ ಜಾವದ ಏರಿಕೆ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ಅಪ್ಪನಿಗೆ ಆದದ್ದು ಇದೇ. ಡಾಕ್ಟರ್ ಬರೆದುಕೊಟ್ಟ ಹಾಗೆ ಒಂದು ವಾರ ನೋಡಿದರು. ಬೆಳಗ್ಗೆಯ ಸರಾಸರಿ 146/84 ಬಂತು, ಸಂಜೆಯದ್ದು 132/78. ಒಟ್ಟು 139/81. ಮೂರು ತಿಂಗಳ ನೋಟ್‌ಬುಕ್ ಹೇಳದೇ ಇದ್ದದ್ದನ್ನು ಆ ಒಂದು ಪುಟ ಹೇಳಿತು. ಸಂಜೆಗೆ ಬಿಪಿ ಹಿಡಿತದಲ್ಲಿದೆ, ಬೆಳಗ್ಗೆ ಹೊತ್ತಿಗೆ ಮಾತ್ರೆಯ ಬಲ ಮುಗಿಯುತ್ತಿದೆ. ಡಾಕ್ಟರ್ ಇನ್ನೂ ಹೆಚ್ಚು ಹೊತ್ತು ಕೆಲಸ ಮಾಡುವ ಮಾತ್ರೆಗೆ ಬದಲಿಸಿದರು. ಇದೇ ನಂಬರ್ ಬೇರೆಯವರಿಗೆ ಬಂದಿದ್ದರೆ ಬೇರೆ ಏನೋ ಮಾಡಬಹುದಿತ್ತು, ಹಾಗಾಗಿ ಅಪ್ಪನ ಮಾತ್ರೆಯ ಹೆಸರು ಇಲ್ಲಿ ಬರೆಯುವುದಿಲ್ಲ.

ಕೂರುವುದು, ಕೈ ಇಡುವುದು

ಇದು ಸಣ್ಣ ವಿಷಯ ಅನ್ನಿಸುತ್ತದೆ. ಅಲ್ಲ. ಕೂತ ಬಗೆಯಿಂದಲೇ ನಂಬರ್ ಹತ್ತು ಪಾಯಿಂಟ್ ಆಚೀಚೆ ಆಗಬಹುದು.

ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಕೂರಿ. ಮಂಚದ ಅಂಚು ಬೇಡ, ನೆಲದ ಮೇಲೆ ಚಕ್ಕಳಮಕ್ಕಳ ಹಾಕುವುದೂ ಬೇಡ. ಎರಡೂ ಪಾದ ನೆಲಕ್ಕೆ ತಾಗಿರಬೇಕು, ಕಾಲ ಮೇಲೆ ಕಾಲು ಹಾಕಬಾರದು. ಐದು ನಿಮಿಷ ಸುಮ್ನೆ ಕೂತ ಮೇಲೆ ಬಟನ್ ಒತ್ತಿ. ಅದಕ್ಕೂ ಅರ್ಧ ಗಂಟೆ ಮುಂಚಿನಿಂದ ಕಾಫಿ, ಟೀ, ಬೀಡಿ ಸಿಗರೇಟು, ವಾಕಿಂಗ್ ಯಾವುದೂ ಬೇಡ. ಮೂತ್ರ ತಡೆದುಕೊಂಡು ಕೂತರೂ ಬಿಪಿ ಏರುತ್ತದೆ. ಮಷಿನ್ ಓಡುವಾಗ ಮಾತು ಬೇಡವೇ ಬೇಡ. ಅಡುಗೆಮನೆಯಿಂದ ಅಮ್ಮ "ಎಷ್ಟು ಬಂತು?" ಅಂತ ಕೂಗಿದರೂ ಉತ್ತರ ಕೊಡಬಾರದು.

ಕೈಯನ್ನು ಮೇಜಿನ ಮೇಲೆ ಇಡಿ, ಪಟ್ಟಿ ಎದೆಯ ಮಟ್ಟಕ್ಕೆ ಬರಬೇಕು. ಮೇಜು ಕೆಳಗಿದ್ದರೆ ದಿಂಬು ಅಥವಾ ಎರಡು ದಪ್ಪ ಪುಸ್ತಕ ಇಟ್ಟುಕೊಳ್ಳಿ. ಪೈಪಿನಲ್ಲಿ ಕೆಳಗೆ ಹೋದಷ್ಟೂ ನೀರಿನ ಭಾರ ಜಾಸ್ತಿಯಾಗುತ್ತದಲ್ಲ, ಹಾಗೇ ತೋಳು ಹೃದಯಕ್ಕಿಂತ 10 ಸೆಂಟಿಮೀಟರ್ ಕೆಳಗಿದ್ದರೆ ನಂಬರ್ ಏಳೆಂಟು ಪಾಯಿಂಟ್ ಜಾಸ್ತಿ ತೋರಿಸುತ್ತದೆ. ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡುವವರು ಎಷ್ಟು ಜನ! ಅವರೆಲ್ಲರ ನಂಬರಿನಲ್ಲೂ ಈ ತಪ್ಪು ಸೇರಿರುತ್ತದೆ.

ಪಟ್ಟಿಯನ್ನು ಬರಿ ತೋಳಿಗೆ ಕಟ್ಟಬೇಕು. ಅಂಗಿಯ ಮೇಲೆ ಕಟ್ಟುವುದೂ ಬೇಡ, ಅಂಗಿಯ ತೋಳನ್ನು ಬಿಗಿಯಾಗಿ ಮೇಲಕ್ಕೆ ಸುರುಳಿ ಸುತ್ತುವುದೂ ಬೇಡ. ಬಿಗಿ ತೋಳಿನ ಕುಪ್ಪಸ ಹಾಕುವ ಹೆಂಗಸರಿಗೆ ಇದು ದಿನಾ ಬರುವ ತೊಂದರೆ, ಆ ಒಂದು ವಾರ ಬೆಳಗ್ಗೆ ಸಂಜೆ ಸಡಿಲ ನೈಟಿಯಲ್ಲಿರುವಾಗಲೇ ನೋಡಿಕೊಳ್ಳುವುದು ಸುಲಭ. ಪಟ್ಟಿಯ ಅಳತೆಯೂ ಮುಖ್ಯ. ಮಷಿನ್ ಜೊತೆ ಬರುವ ಮಾಮೂಲಿ ಪಟ್ಟಿ ಹೆಚ್ಚಾಗಿ 22ರಿಂದ 32 ಸೆಂಟಿಮೀಟರ್ ಸುತ್ತಳತೆಯ ತೋಳಿಗೆ ಮಾಡಿದ್ದು. ತೋಳು ಅದಕ್ಕಿಂತ ದಪ್ಪವಾಗಿದ್ದು ಅದೇ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಕಾಣಿಸಿಕೊಳ್ಳುತ್ತದೆ. ದರ್ಜಿಯ ಟೇಪ್ ತೆಗೆದುಕೊಂಡು ಭುಜ ಮತ್ತು ಮೊಣಕೈ ನಡುವೆ ಒಮ್ಮೆ ಅಳೆದುಕೊಳ್ಳಿ, ಪಟ್ಟಿಯ ಮೇಲೆ ಅಳತೆ ಬರೆದಿರುತ್ತದೆ.

ಯಾವ ಕೈ? ಮೊದಲ ಸಲ ಎರಡೂ ಕೈಯಲ್ಲಿ ನೋಡಿ. ಯಾವುದರಲ್ಲಿ ಜಾಸ್ತಿ ಬರುತ್ತದೋ ಮುಂದೆ ಯಾವಾಗಲೂ ಅದೇ ಕೈ. ಎರಡು ಕೈಗೂ ಪದೇ ಪದೇ ಹತ್ತು ಹದಿನೈದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಅದನ್ನು ಡಾಕ್ಟರಿಗೆ ಹೇಳಿ.

ಬರೆಯುವಾಗ

ಬಂದದ್ದನ್ನು ಬಂದ ಹಾಗೇ ಬರೆಯಿರಿ. 137 ಬಂದರೆ 137. ಅದನ್ನು 135 ಅಂತಲೋ 130 ಅಂತಲೋ ದುಂಡಗೆ ಮಾಡಬೇಡಿ. ಜಾಸ್ತಿ ಬಂದದ್ದನ್ನು ಬಿಟ್ಟು ಚೆನ್ನಾಗಿ ಬಂದದ್ದನ್ನು ಮಾತ್ರ ಬರೆಯುವುದೂ ಬೇಡ. ಇದು ಯಾರೋ ಬೇಕಂತಲೇ ಮಾಡುವ ಮೋಸ ಅಲ್ಲ. ಡಾಕ್ಟರ್ ಬೈಯುತ್ತಾರೆ, ಮಕ್ಕಳು ಗಾಬರಿಯಾಗುತ್ತಾರೆ ಅಂತ ದೊಡ್ಡವರು ಮಾಡುತ್ತಾರೆ. ಆದರೆ ಆ ಪುಟ ನೋಡಿ ಡಾಕ್ಟರ್ ಮಾತ್ರೆಯ ಪ್ರಮಾಣ ತೀರ್ಮಾನಿಸುತ್ತಾರೆ ಅನ್ನುವುದು ನೆನಪಿರಲಿ. ಮಷಿನ್ನಿನ ಮೆಮೊರಿಯಲ್ಲಿ ಹಳೆಯ ರೀಡಿಂಗ್ ಉಳಿದಿರುತ್ತದೆ, ಡಾಕ್ಟರ ಹತ್ತಿರ ಹೋಗುವಾಗ ಅದನ್ನೂ ಒಯ್ಯಬಹುದು. ಒಂದು ಮಾತು: ಗಂಡ ಹೆಂಡತಿ ಒಂದೇ ಮಷಿನ್ ಬಳಸಿದರೆ ಮೆಮೊರಿ ಕಲಸಿಹೋಗುತ್ತದೆ. ಇಬ್ಬರಿಗೆ ಬೇರೆ ಬೇರೆ ಬಟನ್ ಇದೆಯಾ ನೋಡಿಕೊಳ್ಳಿ, ಇಲ್ಲದಿದ್ದರೆ ಕೈಬರಹವೇ ನಂಬಿಕೆಯದ್ದು.

ನಂಬರಿನ ಪಕ್ಕದಲ್ಲಿ ಒಂದು ಸಾಲು ಜಾಗ ಬಿಡಿ. "ರಾತ್ರಿ ನಿದ್ದೆ ಇಲ್ಲ", "ಮದುವೆ ಊಟ, ಹಪ್ಪಳ ಉಪ್ಪಿನಕಾಯಿ", "ಮಾತ್ರೆ ಮರೆತೆ", "ಮಂಡಿ ನೋವಿನ ಮಾತ್ರೆ ಶುರು". ಈ ಕೊನೆಯದು ತುಂಬಾ ಮುಖ್ಯ. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತೆಗೆದುಕೊಳ್ಳುವ ಎಷ್ಟೋ ನೋವಿನ ಮಾತ್ರೆಗಳು, ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ನೆಗಡಿ ಮಾತ್ರೆಗಳು ಬಿಪಿ ಏರಿಸುತ್ತವೆ. ಡಾಕ್ಟರಿಗೆ ಇದು ಗೊತ್ತಾಗದಿದ್ದರೆ ಬಿಪಿ ಮಾತ್ರೆ ಹೆಚ್ಚಿಸುತ್ತಾರೆ, ಗೊತ್ತಾದರೆ ನೋವಿನ ಮಾತ್ರೆಯನ್ನು ನಿಲ್ಲಿಸಿ ನೋಡುತ್ತಾರೆ.

ಎದ್ದು ನಿಂತಾಗ ತಲೆ ಸುತ್ತುತ್ತದೆ ಅನ್ನುವ ವಯಸ್ಸಾದವರು ಅದನ್ನು ಖಂಡಿತ ಬರೆಯಬೇಕು. ಕೂತಾಗ ಚೆನ್ನಾಗಿದ್ದ ಬಿಪಿ ನಿಂತ ಮೂರು ನಿಮಿಷದೊಳಗೆ 20 ಪಾಯಿಂಟ್ ಬೀಳುವುದುಂಟು. ಹಾಗೆ ಬಿದ್ದು ಸೊಂಟ ಮುರಿದುಕೊಂಡವರಿದ್ದಾರೆ. ಇದು ಇದ್ದರೆ ಡಾಕ್ಟರ್ ನಿಂತು ನೋಡಿದ ರೀಡಿಂಗ್ ಕೂಡ ಕೇಳಬಹುದು.

ವಾಟ್ಸಾಪಿನಲ್ಲಿ ಕಳಿಸುವುದಾದರೆ

ನಮ್ಮ ಚಿಕ್ಕಮ್ಮ ಒಂದು ರಾತ್ರಿ ಹನ್ನೊಂದಕ್ಕೆ ಬಿಪಿ ನೋಡಿಕೊಂಡರು. 168. ಗಾಬರಿಯಾಗಿ ತಕ್ಷಣ ಮತ್ತೆ ನೋಡಿದರು, 174. ಆರು ಸಲ ನೋಡಿದರು. ಗಾಬರಿ ಏರಿದ ಹಾಗೆ ನಂಬರೂ ಏರಿತು. ಫೋಟೋ ತೆಗೆದು ಡಾಕ್ಟರಿಗೆ ಕಳಿಸಿದರು, ಉತ್ತರ ಬರಲಿಲ್ಲ. ನಾಳೆಯ ಮಾತ್ರೆಯನ್ನು ಆಗಲೇ ನುಂಗಿಬಿಟ್ಟರು. ಬೆಳಗ್ಗೆ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದು ಕೂತರು. ಪುಣ್ಯಕ್ಕೆ ಬೀಳಲಿಲ್ಲ.

ಅಲ್ಲಿ ಡಾಕ್ಟರದ್ದೂ ತಪ್ಪಿಲ್ಲ, ಚಿಕ್ಕಮ್ಮನದ್ದೂ ತಪ್ಪಿಲ್ಲ. ಇಬ್ಬರೂ ಮೊದಲೇ ಮಾತಾಡಿಕೊಂಡಿರಲಿಲ್ಲ, ಅದೇ ತೊಂದರೆ. ಮನೆಯ ರೀಡಿಂಗ್ ಕೆಲಸಕ್ಕೆ ಬರಬೇಕಾದರೆ ನಾಲ್ಕು ವಿಷಯ ಮೊದಲೇ ಗೊತ್ತಿರಬೇಕು: ಎಷ್ಟು ದಿನಕ್ಕೊಮ್ಮೆ ನೋಡಬೇಕು, ಯಾವ ದಾರಿಯಲ್ಲಿ ಕಳಿಸಬೇಕು, ಉತ್ತರ ಯಾವಾಗ ಬರುತ್ತದೆ, ಯಾವ ನಂಬರ್ ಬಂದರೆ ಕಾಯದೆ ಫೋನ್ ಮಾಡಬೇಕು. ಡಾಕ್ಟರ ಕೋಣೆಯಿಂದ ಹೊರಡುವ ಮುಂಚೆ ಇದನ್ನು ಕೇಳುವುದಕ್ಕೆ ಎರಡು ನಿಮಿಷ ಸಾಕು. ಜನಜಂಗುಳಿ ಇದ್ದರೂ ಕೇಳಿ, ಸಂಕೋಚ ಬೇಡ.

ಸರಾಸರಿ ಇಲ್ಲದೆ ದಿನಾ ಒಂದೊಂದು ಫೋಟೋ ಕಳಿಸಿದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಅಪ್ಪನ ಪರವಾಗಿ ನಾನು ಕಳಿಸಿದ ಮೆಸೇಜ್ ಹೀಗಿತ್ತು: "68 ವರ್ಷ, ಗಂಡಸು. ಸೋಮವಾರದಿಂದ ಭಾನುವಾರದವರೆಗೆ, ಮಾತ್ರೆಗೆ ಮುಂಚೆ, ಎಡಗೈ. ಮೊದಲ ದಿನ ಬಿಟ್ಟು ಬೆಳಗ್ಗೆಯ ಸರಾಸರಿ 146/84, ಸಂಜೆ 132/78. ನಾಡಿ 70ರ ಆಸುಪಾಸು. ಒಂದು ದಿನವೂ ಮಾತ್ರೆ ತಪ್ಪಿಲ್ಲ. ತಲೆಸುತ್ತು ಇಲ್ಲ." ಅದರ ಕೆಳಗೆ ನೋಟ್‌ಬುಕ್ಕಿನ ಆ ಒಂದು ಪುಟದ ಫೋಟೋ. ಓದುವುದಕ್ಕೆ ಅರ್ಧ ನಿಮಿಷ ಬೇಡ. ಹೆಸರು, ಚೀಟಿ, ರಿಪೋರ್ಟ್ ಇವನ್ನು ಡಾಕ್ಟರಿಗೆ ನೇರವಾಗಿ ಕಳಿಸಿ, ನೆಂಟರ ಗ್ರೂಪಿನಲ್ಲಿ ಹಾಕಬೇಡಿ. ಅಪ್ಪ ಅಮ್ಮನ ಕಾಯಿಲೆಯ ವಿಷಯ ಅವರ ಸ್ವಂತದ್ದು, ಹಂಚುವ ಮುಂಚೆ ಅವರನ್ನು ಕೇಳಬೇಕು.

ಹೀಗೆ ದೂರದಿಂದ ಸಲಹೆ ಕೊಡುವುದಕ್ಕೆ ನಮ್ಮ ದೇಶದಲ್ಲಿ ನಿಯಮ ಇದೆ. ಕೋವಿಡ್ ಶುರುವಾದ 2020ರ ಮಾರ್ಚ್‌ನಲ್ಲಿ ಟೆಲಿಮೆಡಿಸಿನ್ ಮಾರ್ಗಸೂಚಿ ಬಂತು. ಫೋನು, ವಿಡಿಯೋ, ಮೆಸೇಜು ಮೂರರಲ್ಲೂ ನೋಂದಾಯಿತ ಡಾಕ್ಟರ್ ಸಲಹೆ ಕೊಡಬಹುದು. ಮೊದಲೇ ನೋಡಿ ಗೊತ್ತಿರುವ ರೋಗಿಗೆ ಮಾತ್ರೆ ಮುಂದುವರಿಸಲು ಹೇಳುವುದಕ್ಕೂ ಅವಕಾಶ ಇದೆ. ಇದು ಸಾಕಾಗುವುದಿಲ್ಲ, ನೇರವಾಗಿ ಬನ್ನಿ ಅನ್ನುವ ತೀರ್ಮಾನವೂ ಡಾಕ್ಟರದ್ದೇ.

ಸ್ಮಾರ್ಟ್‌ಫೋನ್ ಇಲ್ಲದವರು ಬೇಜಾರು ಮಾಡಿಕೊಳ್ಳಬೇಕಿಲ್ಲ. ಇಂಗ್ಲೆಂಡಿನಲ್ಲಿ 1,182 ಜನರ ಮೇಲೆ ನಡೆದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಒಂದು ಗುಂಪು ಮನೆಯಲ್ಲಿ ನೋಡಿ ಕಾಗದದಲ್ಲಿ ಬರೆದು ಡಾಕ್ಟರಿಗೆ ಕಳಿಸುತ್ತಿತ್ತು, ಇನ್ನೊಂದು ಗುಂಪು ಎಸ್ಸೆಮ್ಮೆಸ್ಸಿನಲ್ಲಿ ಕಳಿಸುತ್ತಿತ್ತು, ಮೂರನೆಯದು ಎಂದಿನಂತೆ ಆಸ್ಪತ್ರೆಯಲ್ಲೇ ತೋರಿಸಿಕೊಳ್ಳುತ್ತಿತ್ತು. ಒಂದು ವರ್ಷದ ಕೊನೆಗೆ ಮೇಲಿನ ನಂಬರಿನ ಸರಾಸರಿ ಕಾಗದದವರಲ್ಲಿ 137, ಎಸ್ಸೆಮ್ಮೆಸ್‌ನವರಲ್ಲಿ 136, ಎಂದಿನಂತೆ ತೋರಿಸಿಕೊಂಡವರಲ್ಲಿ ಸುಮಾರು 140. ಕಾಗದಕ್ಕೂ ಫೋನಿಗೂ ಕೊನೆಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಎರಡು ಗುಂಪಿನಲ್ಲೂ ಒಂದು ವಿಷಯ ಸಮಾನವಾಗಿತ್ತು. ಡಾಕ್ಟರ್ ಆ ನಂಬರನ್ನು ನೋಡಿ ಮಾತ್ರೆಯನ್ನು ಹೊಂದಿಸುತ್ತಿದ್ದರು. ಮನೆಯಲ್ಲಿ ಬಿಪಿ ನೋಡಿ ಯಾರಿಗೂ ಹೇಳದೆ ಇಟ್ಟುಕೊಂಡರೆ ಅಷ್ಟು ಲಾಭ ಇಲ್ಲ ಅಂತ ಬೇರೆ ಅಧ್ಯಯನಗಳೂ ಹೇಳುತ್ತವೆ.

ಡಾಕ್ಟರ್ ಆ ನಂಬರಿನಿಂದ ಏನು ಮಾಡುತ್ತಾರೆ?

ಮಾತ್ರೆ ಶುರು ಮಾಡದವರಲ್ಲಿ, ನಿಜವಾಗಿ ಬಿಪಿ ಇದೆಯೋ ಬರೀ ಆಸ್ಪತ್ರೆಯ ಅಳುಕೋ ಅಂತ ತೀರ್ಮಾನಿಸುತ್ತಾರೆ. ಎಷ್ಟೋ ಜನರಿಗೆ ಬೇಡದ ಮಾತ್ರೆ ತಪ್ಪುತ್ತದೆ. ಮಾತ್ರೆ ತಿನ್ನುತ್ತಿರುವವರಲ್ಲಿ ಗುರಿ ಮುಟ್ಟಿದೆಯೋ ನೋಡುತ್ತಾರೆ. ಮುಟ್ಟಿಲ್ಲದಿದ್ದರೆ ಮೊದಲು ಕೇಳುವುದು ಮಾತ್ರೆ ತಪ್ಪುತ್ತಿದೆಯಾ, ಉಪ್ಪು ಜಾಸ್ತಿಯಾಗಿದೆಯಾ ಅಂತ. ಆಮೇಲೆ ಪ್ರಮಾಣ ಹೆಚ್ಚಿಸುವುದೋ, ಎರಡನೇ ಮಾತ್ರೆ ಸೇರಿಸುವುದೋ, ಹೊತ್ತು ಬದಲಿಸುವುದೋ. ತೀರಾ ಕಡಿಮೆ ಬರುತ್ತಿದ್ದರೆ ಇಳಿಸುತ್ತಾರೆ.

ಇಲ್ಲಿ ತಾಳ್ಮೆ ಬೇಕು. ಆಮ್ಲೋಡಿಪಿನ್ ನಮ್ಮಲ್ಲಿ ಬಹಳ ಜನ ತೆಗೆದುಕೊಳ್ಳುವ ಮಾತ್ರೆ. ಅದು ದೇಹದಲ್ಲಿ ಒಂದು ಮಟ್ಟಕ್ಕೆ ಬಂದು ನಿಲ್ಲುವುದಕ್ಕೇ ಏಳೆಂಟು ದಿನ ಬೇಕು. ಇವತ್ತು ಹೊಸ ಮಾತ್ರೆ ನುಂಗಿ ನಾಳೆ ಬೆಳಗ್ಗೆ "ಇಳಿದೇ ಇಲ್ಲ" ಅಂತ ಮೆಸೇಜ್ ಮಾಡಿದರೆ ಡಾಕ್ಟರ್ ಕಾಯಿರಿ ಅನ್ನುವುದು ಅಸಡ್ಡೆಯಿಂದಲ್ಲ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬಿಟ್ಟು ಮತ್ತೆ ಏಳು ದಿನದ ಲೆಕ್ಕ ಕೇಳುತ್ತಾರೆ.

ಇನ್ನೊಂದು ತಪ್ಪು ನಮ್ಮ ಕಡೆ ತುಂಬಾ ನೋಡಿದ್ದೇನೆ. ವಾರವಿಡೀ 124, 126 ಬಂದರೆ "ಬಿಪಿ ವಾಸಿಯಾಯಿತು" ಅಂತ ಮಾತ್ರೆ ಬಿಡುತ್ತಾರೆ. ಆ 124 ಬಂದಿರುವುದೇ ಮಾತ್ರೆಯಿಂದ. ಬಿಡಬೇಕೋ ಕಡಿಮೆ ಮಾಡಬೇಕೋ ಅನ್ನುವುದನ್ನು ದಯವಿಟ್ಟು ಡಾಕ್ಟರನ್ನು ಕೇಳಿ.

ಕಾಯಬಾರದ ಹೊತ್ತು

ಮೇಲಿನ ನಂಬರ್ 180 ಅಥವಾ ಕೆಳಗಿನದು 120 ದಾಟಿದರೆ, ಬೇರೆ ಯಾವ ತೊಂದರೆಯೂ ಇಲ್ಲದಿದ್ದರೆ, ಐದು ನಿಮಿಷ ಸುಮ್ಮನೆ ಕೂತು ಮತ್ತೊಮ್ಮೆ ನೋಡಿ. ಹಾಗೇ ಇದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಹೆಚ್ಚಿಗೆ ಮಾತ್ರೆ ನೀವಾಗಿ ನುಂಗಬೇಡಿ. ನಂಬರಿನ ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು, ಕಣ್ಣು ಮಂಜಾಗುವುದು, ಎಂದೂ ಇಲ್ಲದಂಥ ತಲೆನೋವು ಇವುಗಳಲ್ಲಿ ಒಂದಿದ್ದರೂ ವಾಟ್ಸಾಪ್ ಬೇಡ. 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಿ. ಈ ಲಕ್ಷಣಗಳಿದ್ದರೆ ಬಿಪಿ ಎಷ್ಟಿದೆ ಅಂತ ನೋಡುತ್ತಾ ಕೂರುವುದೂ ಬೇಡ.

ಬಸುರಿಯರಿಗೆ ಲೆಕ್ಕ ಬೇರೆ. 140/90 ಬಂದರೂ ಅವತ್ತೇ ಡಾಕ್ಟರಿಗೆ ತಿಳಿಸಬೇಕು. ಮಷಿನ್ ಕೂಡ ಬಸುರಿಯರಲ್ಲಿ ಪರೀಕ್ಷಿಸಿದ್ದೇ ಆಗಿರಬೇಕು.

ಮಷಿನ್ ಕೊಳ್ಳುವಾಗ

ತೋಳಿಗೆ ಕಟ್ಟುವುದನ್ನೇ ಕೊಳ್ಳಿ. ಮಣಿಕಟ್ಟಿಗೆ ಕಟ್ಟುವುದರಲ್ಲಿ ಕೈ ಇಡುವ ಮಟ್ಟ ಸ್ವಲ್ಪ ತಪ್ಪಿದರೂ ನಂಬರ್ ತಪ್ಪುತ್ತದೆ. ಮನುಷ್ಯರ ಮೇಲೆ ಸರಿಯಾಗಿ ಪರೀಕ್ಷಿಸಿ ಒಪ್ಪಿದ ಮಷಿನ್ನುಗಳ ಪಟ್ಟಿಯನ್ನು ಸ್ಟ್ರೈಡ್ ಬಿಪಿ ಅನ್ನುವ ಸಂಸ್ಥೆ ಇಂಟರ್ನೆಟ್ಟಿನಲ್ಲಿ ಇಟ್ಟಿದೆ, ಮಾಡೆಲ್ ನಂಬರ್ ಅಲ್ಲಿ ಇದೆಯಾ ನೋಡಿ. ಬ್ಲೂಟೂತ್ ಇದೆ, ಆ್ಯಪ್ ಇದೆ ಅನ್ನುವುದಕ್ಕಿಂತ ಇದು ಮುಖ್ಯ. ವರ್ಷಕ್ಕೊಮ್ಮೆ ಮಷಿನ್ನನ್ನೇ ಡಾಕ್ಟರ ಹತ್ತಿರ ಒಯ್ದು, ಅವರ ರೀಡಿಂಗ್ ಜೊತೆ ಹೋಲಿಸಿ ನೋಡಿ.

ಮಷಿನ್ ಕೊಳ್ಳಲು ಆಗದವರಿಗೂ ದಾರಿ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ನೋಡುತ್ತಾರೆ. 2024ರಲ್ಲಿ ಕೋಲಾರದಿಂದ ಶುರುವಾದ ರಾಜ್ಯದ ಗೃಹ ಆರೋಗ್ಯ ಯೋಜನೆಯಲ್ಲಿ 30 ವರ್ಷ ದಾಟಿದವರ ಬಿಪಿ, ಶುಗರ್ ನೋಡುವುದಕ್ಕೆ ಮನೆ ಬಾಗಿಲಿಗೇ ಬರುತ್ತಾರೆ. ಬಂದವರು ಹೇಳಿದ ನಂಬರನ್ನು ತಾರೀಖಿನ ಜೊತೆ ಬರೆದಿಟ್ಟುಕೊಳ್ಳಿ, ಡಾಕ್ಟರಿಗೆ ತೋರಿಸಲು ಅದೂ ಬರುತ್ತದೆ.

ಅಪ್ಪನ ನೋಟ್‌ಬುಕ್ಕಿನಲ್ಲಿ ಈಗ ಎರಡು ಅಂಕಣ ಹೊಸದಾಗಿ ಸೇರಿವೆ. ಒಂದು "ಮಾತ್ರೆಗೆ ಮುಂಚೆ / ನಂತರ", ಇನ್ನೊಂದು "ವಿಶೇಷ". ದಿನಾ ನೋಡುವುದನ್ನು ನಿಲ್ಲಿಸಿದ್ದಾರೆ, ಡಾಕ್ಟರ್ ಹೇಳಿದ ವಾರ ಮಾತ್ರ ನೋಡುತ್ತಾರೆ. ಮುಂದಿನ ವಾರ ಸೋಮವಾರದಿಂದ ಶುರು. ಭಾನುವಾರ ರಾತ್ರಿ ಫೋನ್ ಮಾಡಿ ಮಷಿನ್ನಿಗೆ ಹೊಸ ಸೆಲ್ ಹಾಕಿದ್ದೀರಾ ಅಂತ ಕೇಳಬೇಕು.